ಅಪರೂಪದ ಅನಾಹುತ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹಕ್ಕೆ ಈಗಲೇ ಯಾಕೆ ತಲೆ ಕೆಡಿಸಿಕೊಳ್ಳೋದು’ ಎಂದು ಕೆಲವರು ಕೇಳಿದ್ದೀರಿ. ಆ ಹೆಸರೇ ದಾರಿ ತಪ್ಪಿಸುತ್ತದೆ. ಅದರರ್ಥ ಪ್ರತಿ ವರ್ಷವೂ ಶೇ 1ರಷ್ಟು ಸಾಧ್ಯತೆ ಎಂದು. ಅಂಥ ಜಾಗದಲ್ಲಿ 30 ವರ್ಷ ಬಾಳಿದರೆ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಸುಮಾರು ಶೇ 26. ನಾಲ್ಕರಲ್ಲೊಂದು!

ಅಪಾಯ ಎಷ್ಟೆಂದು ಅಳೆಯಲು ಸಾಧ್ಯತೆಯನ್ನು ಹಾನಿಯಿಂದ ಗುಣಿಸಿ ನೋಡುವುದು ಸರಿಯೇ, ಆದರೆ ಹೋದ ಜೀವ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ವಸ್ತು ಎಲ್ಲಿದೆ ಎಂಬುದೂ ಮುಖ್ಯ: 2011ರಲ್ಲಿ ಜಪಾನಿನ ಫುಕುಶಿಮಾದ ಅಣುಸ್ಥಾವರದಲ್ಲಿ, ರಿಯಾಕ್ಟರ್‌ಗಳನ್ನು ತಂಪಾಗಿಡಲು ತುರ್ತು ವಿದ್ಯುತ್ ಕೊಡುವ ನೆಲಮಾಳಿಗೆಯ ಜನರೇಟರ್‌ಗಳು ಸುನಾಮಿ ನೀರಲ್ಲಿ ಮುಳುಗಿದವು. ಎತ್ತರದಲ್ಲಿದ್ದ ಒಂದೇ ಒಂದು ಜನರೇಟರ್ ಕೆಲಸ ಮಾಡುತ್ತ ಉಳಿದು ಎರಡು ರಿಯಾಕ್ಟರ್‌ಗಳನ್ನು ಕಾಪಾಡಿತು.

ದಯವಿಟ್ಟು ಈ ಭಾನುವಾರದೊಳಗೆ ಪ್ರತಿಯೊಬ್ಬರೂ ಬರೆಯಿರಿ: ನಿಮ್ಮ ಮನೆಯಲ್ಲಿ ಕಳೆದುಕೊಂಡರೆ ಮತ್ತೆ ಸಿಗದಿರುವುದು ಯಾವುದು, ಅದು ಈಗ ಎಲ್ಲಿದೆ? ನಡೆಯಲಾಗದ ಹಿರಿಯರಿದ್ದರೆ ಅದನ್ನೇ ಮೊದಲು ತಿಳಿಸಿ.