ಅಕ್ಕನ ಸುಸ್ತಿನ ಲೆಕ್ಕ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರ ತಲುಪಿತು. ಮೂರನೆಯ ಕೀಮೋ ಆದ ಮೇಲೆ ಸ್ನಾನ ಮಾಡಿ ಬಂದರೂ ಮಲಗಬೇಕೆನಿಸುತ್ತದೆ ಎಂದೂ, ವೈದ್ಯರಿಗೆ ಹೇಳಿದಾಗ ‘ಇದು ಸಹಜ’ ಎಂದಷ್ಟೇ ಹೇಳಿ ಕಳುಹಿಸಿದರೆಂದೂ ಬರೆದಿದ್ದೀಯೆ. ಸಹಜವೆಂಬುದು ನಿಜ, ಆದರೆ ಸಹಜವಾದದ್ದನ್ನು ಅಳೆಯಬೇಕಿಲ್ಲ ಎಂಬುದನ್ನು ನಾನು ಒಪ್ಪಲಾರೆ.

ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರ ಎದುರು ಕುಳಿತು ಅವರ ಆಯಾಸವನ್ನು ಅಂಕಗಳಲ್ಲಿ ಬರೆದುಕೊಳ್ಳುವುದೇ ಇಲ್ಲಿ ನನ್ನ ಕೆಲಸವೆಂಬುದು ನಿನಗೆ ಗೊತ್ತು. ಆಯಾಸ ಎಷ್ಟಿದೆಯೆಂದು ತಿಳಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. ಹಿಮೋಗ್ಲೋಬಿನ್ ಸರಿಯಾಗಿದ್ದೂ ಹಾಸಿಗೆ ಬಿಟ್ಟು ಏಳಲಾಗದವರಿದ್ದಾರೆ. ಆದ್ದರಿಂದ ರೋಗಿಯನ್ನೇ ಕೇಳಬೇಕು. ಎಲ್ಲಕ್ಕಿಂತ ಸರಳವಾದ ಪ್ರಶ್ನೆ, 0 ಎಂದರೆ ಸುಸ್ತೇ ಇಲ್ಲ, 10 ಎಂದರೆ ಊಹಿಸಬಹುದಾದಷ್ಟು ಹೆಚ್ಚು ಎಂದಾದರೆ ನಿಮ್ಮ ಸುಸ್ತು ಎಷ್ಟು ಎಂಬುದು. 4 ಅಥವಾ ಅದಕ್ಕಿಂತ ಹೆಚ್ಚೆಂದರೆ ಕಾರಣ ಹುಡುಕಲು ತೊಡಗಬೇಕೆಂಬುದು ಸಾಮಾನ್ಯ ಪದ್ಧತಿ. ‘ಬ್ರೀಫ್ ಫಟೀಗ್ ಇನ್ವೆಂಟರಿ’ ಎಂಬ 9 ಪ್ರಶ್ನೆಗಳ ಪಟ್ಟಿ ಹಿಂದಿನ 24 ಗಂಟೆಗಳ ಸುಸ್ತಿನ ತೀವ್ರತೆಯ ಜೊತೆಗೆ, ಅದು ನಡಿಗೆಗೆ, ಕೆಲಸಕ್ಕೆ, ಇತರರೊಡನೆ ಬೆರೆಯುವುದಕ್ಕೆ ಎಷ್ಟು ಅಡ್ಡಿಯಾಯಿತೆಂದೂ ಕೇಳುತ್ತದೆ. ‘ಫ್ಯಾಸಿಟ್-ಫಟೀಗ್’ ಎಂಬ 13 ಪ್ರಶ್ನೆಗಳ ಪಟ್ಟಿ ಹಿಂದಿನ 7 ದಿನಗಳನ್ನು ಕುರಿತದ್ದು. ಅದರ ಒಟ್ಟು ಅಂಕ 0ಯಿಂದ 52. ಇದರಲ್ಲಿ ಅಂಕ ಹೆಚ್ಚಿದಷ್ಟೂ ಆಯಾಸ ಕಡಿಮೆ! ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದು ತಿಳಿಯದೆ, 40 ಬಂದವರಿಗಾಗಿ ಮರುಗಿ 15 ಬಂದವರನ್ನು ಕಂಡು ಸಮಾಧಾನಪಟ್ಟಿದ್ದೆ.

ಆದರೆ ಯಾವ ಪಟ್ಟಿ ಎಂಬುದಕ್ಕಿಂತ ಯಾವ ದಿನ ಅಳೆಯುತ್ತೇವೆ ಎಂಬುದೇ ಮುಖ್ಯವೆಂದು ನನಗೆ ಅನುಭವದಿಂದ ಮನವರಿಕೆಯಾಗಿದೆ. ಕೀಮೋ ಆದ ಮೊದಲ ಕೆಲವು ದಿನಗಳಲ್ಲಿ ಸುಸ್ತು ಸಾಮಾನ್ಯವಾಗಿ ಮೇಲೇರಿ, ಮುಂದಿನ ಸರದಿ ಬರುವ ಹೊತ್ತಿಗೆ ತುಸು ಇಳಿದಿರುತ್ತದೆ. ನೀನು ವೈದ್ಯರನ್ನು ಕಾಣುವುದು ಆ ಇಳಿದ ದಿನ. ಹೀಗಾಗಿ ಅವರ ಕಣ್ಣಿಗೆ ಬೀಳುವವಳು ಒಂದು ಕೀಮೋದಿಂದ ಇನ್ನೊಂದರವರೆಗಿನ 21 ದಿನಗಳಲ್ಲೇ ಅತ್ಯಂತ ಚೇತರಿಸಿಕೊಂಡಿರುವ ಅಕ್ಕ. ರೇಡಿಯೇಷನ್ನಿನಲ್ಲಿ ಬೇರೆಯೇ ರೀತಿ, ಅಲ್ಲಿ ಆಯಾಸ ವಾರದಿಂದ ವಾರಕ್ಕೆ ಕೂಡುತ್ತಾ ಹೋಗುತ್ತದೆ. ಇನ್ನೊಂದು ತೊಡಕೆಂದರೆ, ಸುಸ್ತಿಗೆ ಒಗ್ಗಿಕೊಂಡ ಮನಸ್ಸು ಮೊದಲು 7 ಎಂದದ್ದನ್ನೇ ಎರಡು ತಿಂಗಳ ಬಳಿಕ 5 ಎಂದುಬಿಡಬಹುದು. ಬರಿಯ ಅಂಕವನ್ನು ನಾನು ಪೂರ್ತಿ ನಂಬದಿರುವುದು ಈ ಕಾರಣಕ್ಕೇ.

ಆದ್ದರಿಂದ ಒಂದು ನೋಟುಪುಸ್ತಕ ಇಟ್ಟುಕೊಂಡು, ಪ್ರತಿ ಸಂಜೆ ಒಂದೇ ಹೊತ್ತಿಗೆ 0ಯಿಂದ 10ರೊಳಗೆ ಆ ದಿನದ ಅಂಕವನ್ನೂ, ಪಕ್ಕದಲ್ಲಿ ಅಂದು ಏನು ಮಾಡಲಾಯಿತು, ಏನನ್ನು ಅರ್ಧಕ್ಕೆ ಬಿಟ್ಟೆ, ರಾತ್ರಿ ಎಷ್ಟು ನಿದ್ದೆ ಬಂದಿತ್ತು ಎಂಬುದನ್ನೂ ಒಂದೊಂದು ಸಾಲಿನಲ್ಲಿ ಬರೆ. ಭಾವ ಎಷ್ಟೇ ಅಕ್ಕರೆಯಿಂದ ಮುಂದೆ ಬಂದರೂ ಅಂಕವನ್ನು ಅವರಿಂದ ಬರೆಸಬೇಡ. ಹೊರಗಿನಿಂದ ನೋಡುವವರ ಅಂದಾಜು ಎಷ್ಟೋ ಬಾರಿ ತಪ್ಪುತ್ತದೆ. ಮುಂದಿನ ಸಲ ಆ ಪುಟಗಳನ್ನು ವೈದ್ಯರ ಮೇಜಿನ ಮೇಲಿಟ್ಟು, ರಕ್ತಹೀನತೆ, ಥೈರಾಯ್ಡ್, ನೋವು, ನಿದ್ದೆಗೇಡು, ಮನಸ್ಸಿನ ಕುಗ್ಗುವಿಕೆ ಇವುಗಳಲ್ಲಿ ಯಾವುದಾದರೂ ಇದರ ಹಿಂದಿದೆಯೇ ಎಂದು ನೇರವಾಗಿ ಕೇಳು, ಏಕೆಂದರೆ ಇವೆಲ್ಲಕ್ಕೂ ಚಿಕಿತ್ಸೆಯಿದೆ. ನಿತ್ಯ ತುಸು ನಡೆದಾಡಿದರೆ ಸುಸ್ತು ಹೆಚ್ಚೀತೆಂಬ ಭಯ ಬೇಡ. ಮಿತವಾದ ವ್ಯಾಯಾಮ ಅದನ್ನು ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೂ ಮೊದಲು ವೈದ್ಯರನ್ನೊಮ್ಮೆ ಕೇಳಿಕೋ.

ಮೊದಲ ವಾರದ ಪುಟ ತುಂಬಿದೊಡನೆ ಅದರ ಫೋಟೋ ಕಳುಹಿಸು. ನನ್ನನ್ನು ಸಮಾಧಾನಪಡಿಸಲೆಂದು ಅಂಕವನ್ನು ಇಳಿಸಿ ಬರೆಯಬೇಡ.

ಇತಿ,
ನಿನ್ನ ತಂಗಿ