ಓದದೇ ಅಂಟಿಸಿದ 312 ಕವರ್‌ಗಳು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಹಾವೇರಿಯವರೊಬ್ಬರು ಸಿಟ್ಟಿನಿಂದ ಬರೆದಿದ್ದರು. ವಕೀಲರ ಕಚೇರಿಯಿಂದ ಕವರ್ ಬಂತು, ಮೇಲೆ ನನ್ನ ಹೆಸರು, ಒಳಗೆ ಬೇರೆ ಯಾರದೋ ಕೇಸು ಅಂತ. ಈ ಕಂಪ್ಯೂಟರ್ ಬಂದ ಮೇಲೆ ವಕೀಲರಿಗೆ ಪಕ್ಷಗಾರರ ಮುಖವೇ ಮರೆತುಹೋಗಿದೆ ಅನ್ನೋದು ಅವರ ದೂರು.

ಅದನ್ನು ಓದುವಾಗ ನಾನು ಮಧ್ಯಾಹ್ನದ ಡಬ್ಬಿ ಬಿಚ್ಚಿ ಕೂತಿದ್ದೆ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಅದೇ ತಪ್ಪು ನಾನೂ ಮಾಡಿದ್ದೇನೆ. ಅವರಿಗೆ ಪತ್ರ ಕಳಿಸಿದ್ದು ನಮ್ಮ ಕಚೇರಿಯಲ್ಲ, ಅದು ಬೇರೆ ಮಾತು. ಆದರೆ ಅಲ್ಲಿ ಏನಾಗಿರಬಹುದು ಅನ್ನೋದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯ ಒಬ್ಬ ವಕೀಲರ ಹತ್ತಿರ 24 ವರ್ಷದಿಂದ ಕಾರಕೂನಿಕೆ ಮಾಡುತ್ತಿರುವ ಹೆಂಗಸು. ಕಚೇರಿಯಲ್ಲಿ ಸಾಹೇಬರು, ಮೂವರು ಜೂನಿಯರ್ ವಕೀಲರು, ನಾನು, ಕೋರ್ಟಿಗೆ ಓಡಾಡುವ ಒಬ್ಬ ಹುಡುಗ. ನಾನು ಸೇರಿದಾಗ ಪಕ್ಷಗಾರರಿಗೆಲ್ಲ ಪತ್ರ ಕಳಿಸೋದು ಅಂದರೆ ಹೀಗಿತ್ತು. ಒಂದು ಪತ್ರ ಟೈಪ್ ಮಾಡಿ, ಹೆಸರು, ಕೇಸ್ ನಂಬರು, ತಾರೀಖು ಬರುವ ಕಡೆ ಚುಕ್ಕಿ ಬಿಟ್ಟು, ಝೆರಾಕ್ಸ್ ತೆಗೆಸೋದು. ಆಮೇಲೆ ಡೈರಿ ಮುಂದಿಟ್ಟುಕೊಂಡು ಒಂದೊಂದನ್ನೇ ಪೆನ್ನಿನಿಂದ ತುಂಬೋದು. ಐವತ್ತು ಪತ್ರ ಮುಗಿಯುವಷ್ಟರಲ್ಲಿ ಬೆರಳು ಸೆಟೆಯುತ್ತಿತ್ತು. ಆದರೆ ಹೆಸರು ಬರೆಯುವಾಗ ಆ ಮನುಷ್ಯ ಎದುರಿಗೆ ಬಂದು ನಿಂತ ಹಾಗಾಗುತ್ತಿತ್ತು. ಈತ ಕಲಘಟಗಿಯವನು, ಪಾಲಿನ ದಾವೆ, ಪ್ರತಿ ಸಲ ಹೊಲದ ಉತಾರ (ಪಹಣಿ) ಮರೆತು ಬರುತ್ತಾನೆ, ಹಿಂಗೆ. ಹಾವೇರಿಯವರು 'ಮುಖ' ಅಂದದ್ದು ಇದನ್ನೇ ಇರಬೇಕು. ಅಷ್ಟರ ಮಟ್ಟಿಗೆ ಅವರ ಮಾತು ಒಪ್ಪುತ್ತೇನೆ.

ಈಗ ಮೇಲ್ ಮರ್ಜ್ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಕ್ಸೆಲ್‌ನಲ್ಲಿ ಒಂದು ಪಟ್ಟಿ, ಒಬ್ಬ ಪಕ್ಷಗಾರರಿಗೆ ಒಂದು ಸಾಲು. ವರ್ಡ್‌ನಲ್ಲಿ ಒಂದು ಪತ್ರ. ಹೆಸರು ಬರಬೇಕಾದ ಕಡೆ ಹೆಸರಿನ ಗುರುತು, ತಾರೀಖು ಬರಬೇಕಾದ ಕಡೆ ತಾರೀಖಿನ ಗುರುತು. ಎರಡನ್ನೂ ಜೋಡಿಸಿ ಒಂದು ಬಟನ್ ಒತ್ತಿದರೆ ಸಾಲಿಗೊಂದರಂತೆ ಪತ್ರ ತಯಾರು. ಪ್ರತಿಯೊಬ್ಬರಿಗೂ ಅವರಿಗಾಗಿಯೇ ಬರೆದ ಹಾಗೆ ಕಾಣುತ್ತದೆ. ನಾಲ್ಕು ದಿನದ ಕೆಲಸ ನಾಲ್ಕು ನಿಮಿಷದಲ್ಲಿ.

ರಾಜಿ ಮಾಡಿಸಿ ಕೇಸು ಮುಗಿಸುವ ಒಂದು ಲೋಕ ಅದಾಲತ್‌ಗೆ ಮುಂಚೆ ಇದೇ ರೀತಿ ಪತ್ರ ಕಳಿಸೋಣ ಅಂತ ಸಾಹೇಬರು ಹೇಳಿದರು. ವಿಚಾರ ಒಳ್ಳೆಯದೇ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಆದ ತೀರ್ಪು ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅದರ ಮೇಲೆ ಅಪೀಲು ಇಲ್ಲ. ವರ್ಷಗಟ್ಟಲೆ ಅಲೆದವರಿಗೆ ಇದನ್ನು ತಿಳಿಸಬೇಕು ಅಲ್ವಾ? ವಾಟ್ಸಾಪ್ ಸಾಲದಾ ಅಂತ ಜೂನಿಯರ್ ಒಬ್ಬರು ಕೇಳಿದರು. ನಮ್ಮ ಪಟ್ಟಿಯಲ್ಲಿರುವ ಅರ್ಧ ನಂಬರು ಬೆಂಗಳೂರಲ್ಲಿರುವ ಮಗನದು, ಇಲ್ಲವೇ ಅಳಿಯನದು. ಮುದುಕರ ಕೈಗೆ ಸುದ್ದಿ ಮುಟ್ಟಬೇಕಾದರೆ ಪೋಸ್ಟ್‌ಮನ್ನೇ ಬೇಕು. 312 ಜನ, ಐದು ರೂಪಾಯಿಯ ಕವರ್, ಒಟ್ಟು 1,560 ರೂಪಾಯಿ. ಸಾಹೇಬರು ತಕರಾರಿಲ್ಲದೆ ಕೊಟ್ಟರು.

ಪಟ್ಟಿ ಮೊದಲಿಂದಲೂ ಅಕ್ಷರದ ಕ್ರಮದಲ್ಲಿತ್ತು. ಹೊಸ ಪಕ್ಷಗಾರರು ಬಂದ ಹಾಗೆ ಅವರನ್ನು ಕೊನೆಗೆ ಸೇರಿಸುತ್ತಾ ಹೋಗಿದ್ದೆ. ಅವರೂ ತಮ್ಮ ತಮ್ಮ ಜಾಗಕ್ಕೆ ಬರಲಿ ಅಂತ ಹೆಸರಿನ ಕಾಲಂ ಹಿಡಿದು ಸಾರ್ಟ್ ಒತ್ತಿದೆ. ಇಂಗ್ಲಿಷ್‌ನಲ್ಲಿ ಒಂದು ಚೌಕ ಎದ್ದಿತು. ಪಕ್ಕದ ಕಾಲಂಗಳನ್ನೂ ಸೇರಿಸಿ ಸರಿಸಲೋ, ಈ ಒಂದೇ ಕಾಲಂ ಸರಿಸಲೋ ಅಂತ ಕೇಳುತ್ತದೆ ಅದು. ಆಗ ಕೌಂಟರ್ ಮುಂದೆ ಇಬ್ಬರು ನಿಂತಿದ್ದರು, ಫೋನು ಬೇರೆ ಬಡಿದುಕೊಳ್ಳುತ್ತಿತ್ತು. ನಾನು ಎರಡನೆಯದನ್ನು ಒತ್ತಿದೆ.

ನಮ್ಮ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಊರು, ಪಿನ್ ಕೋಡ್ ಎಲ್ಲ ಒಂದೇ ಕಾಲಂನಲ್ಲಿ ತುರುಕಿದ್ದೆ. ಹೀಗಾಗಿ ವಿಳಾಸ ಹೆಸರಿನ ಜೋಡಿಯೇ ಸರಿಯಿತು. ಕೇಸ್ ನಂಬರು, ಎದುರು ಪಕ್ಷದವರ ಹೆಸರು, ತಾರೀಖು ಇದ್ದಲ್ಲೇ ಉಳಿದವು. ಮೊದಲ ನಾಲ್ಕು ಸಾಲು ಕದಲಲಿಲ್ಲ. ಐದನೆಯ ಜಾಗಕ್ಕೆ ಹೊಸ ಹೆಸರೊಂದು ಬಂದು ಕೂತಿತು. ಅಲ್ಲಿಂದ ಕೆಳಗಿನವರೆಲ್ಲ ಒಂದು ಮೆಟ್ಟಿಲು ಇಳಿದು ಪಕ್ಕದವರ ಕೇಸಿನ ಮುಂದೆ ನಿಂತರು. ಮುಂದೆ ಇನ್ನೊಂದು ಹೊಸ ಹೆಸರು, ಇನ್ನೊಂದು ಮೆಟ್ಟಿಲು. ನಾನು ಪರೀಕ್ಷೆಗೆ ಅಂತ ತೆಗೆದು ನೋಡಿದ್ದು ಮೊದಲ ಮೂರು ಪತ್ರ. ಮೂರೂ ಸರಿ. ಉಳಿದದ್ದೂ ಸರಿ ಇರುತ್ತದೆ ಅಂತ ಪ್ರಿಂಟ್ ಕೊಟ್ಟೆ. ಸಾಹೇಬರ ಸಹಿಯನ್ನು ಸ್ಕ್ಯಾನ್ ಮಾಡಿ ಪತ್ರದಲ್ಲೇ ಕೂರಿಸಿದ್ದೆವು. ಹಾಗಾಗಿ ಅವರ ಟೇಬಲ್ಲಿಗೆ ಹೋಗುವ ಪ್ರಮೇಯವೇ ಬರಲಿಲ್ಲ. ಹುಡುಗ ಮತ್ತು ನಾನು ಕೂತು ಗೋಂದು ಹಚ್ಚಿದೆವು.

ಮೂರನೇ ದಿನ ನವಲಗುಂದದ ಕಡೆಯ ಒಬ್ಬ ಅಜ್ಜ ಬಂದರು. ನೆರೆಹೊಲದವರ ಜೊತೆ ಬದುವಿನ ತಕರಾರು ಅವರದು. ಅಂಗಿ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಪತ್ರ ತೆಗೆದು ನನ್ನ ಮುಂದಿಟ್ಟರು. "ಅಕ್ಕಾರ, ನನ್ನ ಹೇಣ್ತಿ ತೀರಿ ಆರು ವರ್ಷ ಆತ್ರಿ. ಈಗ ಯಾರಿಗಂತ ಜೀವನಾಂಶ ಕೊಡ್ಲಿರಿ?"

ನನಗೆ ಮೊದಲು ನಗು ಬಂತು, ಸುಳ್ಳು ಹೇಳುವುದಿಲ್ಲ. ಪತ್ರ ಬಿಚ್ಚಿ ಓದಿದ ಮೇಲೆ ಕೈ ತಣ್ಣಗಾಯಿತು. ಅದು ಬೇರೊಂದು ಮನೆಯ ಗಂಡ ಹೆಂಡಿರ ಕೇಸು. ಹೆಂಡತಿಯ ಪೂರ್ತಿ ಹೆಸರು, ಕೇಸ್ ನಂಬರು, ಮುಂದಿನ ತಾರೀಖು ಎಲ್ಲ ಇತ್ತು. ಅಜ್ಜನಿಗೆ ಓದಲು ಬರುವುದಿಲ್ಲ. ಊರಿನ ಗುಡಿ ಕಟ್ಟೆಯ ಮೇಲೆ ಶಾಲೆ ಹುಡುಗನ ಕೈಯಲ್ಲಿ ಗಟ್ಟಿಯಾಗಿ ಓದಿಸಿದ್ದರಂತೆ. ಆ ಹೆಣ್ಣುಮಗಳ ಹೆಸರು ಎಷ್ಟು ಜನರ ಕಿವಿಗೆ ಬಿತ್ತೋ.

ಪಕ್ಷಗಾರ ವಕೀಲರಿಗೆ ಹೇಳಿದ ಮಾತನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಬಿಡುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇದ್ದ ಮಾತು ಇದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 132ನೇ ಕಲಂ ಆಗಿ ಉಳಿದಿದೆ. ವಕೀಲರ ಗುಮಾಸ್ತರಿಗೂ ಇದು ಅನ್ವಯ ಅಂತ ಅದರಲ್ಲೇ ಬರೆದಿದೆ. ಇಷ್ಟು ವರ್ಷ ಆ ಕಲಮನ್ನು ನೋಟೀಸುಗಳಲ್ಲಿ ಟೈಪ್ ಮಾಡಿದ್ದೆ, ನನಗೂ ಸೇರಿ ಬರೆದದ್ದು ಅಂತ ಅವತ್ತು ಹೊಳೆಯಿತು.

ಸಾಹೇಬರು ಬೈಯುತ್ತಾರೆ ಅಂದುಕೊಂಡಿದ್ದೆ. ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತಂಗಿ, ತಪ್ಪು ನಿಂದೊಬ್ಬಾಕಿದ ಅಲ್ಲ. ಕೆಳಗ ಸಹಿ ನಂದೈತಿ" ಅಂದರು. ಅವತ್ತು ಸಂಜೆಯಿಂದ ನಾವೆಲ್ಲ ಫೋನ್ ಹಿಡಿದು ಕೂತೆವು. ಕದಲದ ಮೊದಲ ನಾಲ್ಕು ಸಾಲು ಬಿಟ್ಟು 308 ಮನೆ. ಪತ್ರ ಬಂದಿದ್ದರೆ ಓದಬೇಡಿ, ಬರದಿದ್ದರೆ ಬಂದ ಮೇಲೆ ಒಡೆಯಬೇಡಿ, ಹಾಗೇ ತಂದುಕೊಡಿ. ಓದಬೇಡಿ ಅಂದರೆ ಓದದೇ ಇರುತ್ತಾರಾ? ಆದರೂ ಹೇಳಿದೆವು. ಕುಂದಗೋಳ, ಅಣ್ಣಿಗೇರಿ ಕಡೆ ಫೋನ್ ಹತ್ತದ ಮನೆಗಳಿಗೆ ಹುಡುಗ ಬೈಕ್ ಮೇಲೆ ಹೋದ. ಆ ಹೆಣ್ಣುಮಗಳ ಗಂಡ ನಮ್ಮ ಪಕ್ಷಗಾರ. ಅವರನ್ನು ಕರೆಸಿ ಸಾಹೇಬರೇ ಕ್ಷಮೆ ಕೇಳಿದರು. ಆಕೆಯ ಹತ್ತಿರ ಕೇಳಲು ನಮಗೆ ದಾರಿ ಇರಲಿಲ್ಲ, ಆಕೆ ಎದುರು ಪಕ್ಷ.

ಇನ್ನು ಕಂಪ್ಯೂಟರಿನ ತಪ್ಪಿಗೆ ಬರೋಣ. ಅದರದೂ ಇದೆ, ಇಲ್ಲ ಅನ್ನುವುದಿಲ್ಲ. ಎರಡನೇ ಸಲ ಪತ್ರ ತೆಗೆದಾಗ ತಾರೀಖು ಉಲ್ಟಾ ಬಂತು. ಎಕ್ಸೆಲ್‌ನಲ್ಲಿ ದಿನ ಮೊದಲು, ತಿಂಗಳು ಆಮೇಲೆ ಸರಿಯಾಗೇ ಇತ್ತು. ವರ್ಡ್‌ಗೆ ಬಂದಾಗ ಅಮೆರಿಕದವರ ಹಾಗೆ ತಿಂಗಳು ಮುಂದೆ ಬಂದು ಕೂತಿತು. ಹುಡುಗ ಒಂದು ಪತ್ರ ಎತ್ತಿ, "ಅಕ್ಕಾರ, 22ನೇ ತಿಂಗಳು ಅಂದ್ರ ಯಾವ್ದರಿ?" ಅಂತ ಕೇಳಿದ್ದರಿಂದ ಸಿಕ್ಕಿತು. ತಾರೀಖು 12 ದಾಟಿದ್ದರೆ ಹೀಗೆ ಎದ್ದು ಕಾಣುತ್ತದೆ. ಜುಲೈ 8 ಇದ್ದದ್ದು 7/8 ಆದರೆ ಯಾರಿಗೆ ಗೊತ್ತಾಗಬೇಕು? ಪಕ್ಷಗಾರ ಆಗಸ್ಟ್ 7ಕ್ಕೆ ಬುತ್ತಿ ಕಟ್ಟಿಕೊಂಡು ಕೋರ್ಟಿಗೆ ಬರುತ್ತಾನೆ, ಕೇಸು ಒಂದು ತಿಂಗಳ ಹಿಂದೆಯೇ ನಡೆದುಹೋಗಿರುತ್ತದೆ. ಈಗ ನಾನು ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತೇನೆ.

ಕನ್ನಡದ ಕಷ್ಟಗಳೇ ಬೇರೆ. ಹಳೇ ಪಟ್ಟಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಅಕ್ಷರದಲ್ಲಿತ್ತು, ಹೊಸ ಪತ್ರ ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರದಲ್ಲಿ. ಜೋಡಿಸಿದಾಗ ಬಸವ್ವ, ಫಕೀರಪ್ಪ ಎಲ್ಲರೂ ಕಾಗೆ ಕಾಲು ಗುಬ್ಬಿ ಕಾಲು ಆಗಿ ಬಂದರು. ಕನ್ವರ್ಟರ್ ಹಾಕಿದ ಮೇಲೂ ಕೆಲವು ಒತ್ತಕ್ಷರ ಕೈಯಿಂದಲೇ ಸರಿ ಮಾಡಬೇಕಾಯಿತು. ಆಮೇಲೆ ವಿಭಕ್ತಿ. ಊರನ್ನು ಬೇರೆ ಕಾಲಂ ಮಾಡಿ, ಅದರ ಗುರುತಿನ ಮುಂದೆ 'ದ' ಅಂತ ಹಾಕಿದ್ದೆ. ಧಾರವಾಡದ ನಿವಾಸಿ, ಕುಂದಗೋಳದ ನಿವಾಸಿ, ಚೆನ್ನಾಗಿತ್ತು. ಅದೇ ಪತ್ರ ಹುಬ್ಬಳ್ಳಿದ ನಿವಾಸಿ, ಕಲಘಟಗಿದ ನಿವಾಸಿ ಅಂತಲೂ ಬಂತು. ಇಂಗ್ಲಿಷ್‌ನವರಿಗೆ ಈ ತಾಪತ್ರಯವಿಲ್ಲ. ನಮ್ಮಲ್ಲಿ ಊರಿಗೊಂದು ಬಾಲ. ಈಗ ಸುಮ್ನೆ 'ಊರು: ಕಲಘಟಗಿ' ಅಂತ ಬರೆದು ಬಿಟ್ಟಿದ್ದೇನೆ. ಓದಲು ಅಷ್ಟು ಚೆಂದವಿಲ್ಲ, ತಪ್ಪಂತೂ ಇಲ್ಲ.

ಮತ್ತೆ ಒಂದು ವಿಷಯ ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ. ಪಟ್ಟಿಯಲ್ಲಿ ತೀರಿಹೋದವರ ಹೆಸರು ಹಾಗೇ ಇರುತ್ತದೆ. ಕೇಸಿನಲ್ಲಿ ವಾರಸುದಾರರು ಬಂದಿರುತ್ತಾರೆ, ಎಕ್ಸೆಲ್‌ನಲ್ಲಿ ಅಪ್ಪನೇ ಇರುತ್ತಾರೆ. 'ತಾವು ಖುದ್ದಾಗಿ ಹಾಜರಿರಬೇಕು' ಅಂತ ಸತ್ತವರ ಹೆಸರಿಗೆ ಕವರ್ ಹೋದರೆ ಆ ಮನೆಯ ಹೆಂಗಸು ಅದನ್ನು ಹೇಗೆ ಒಡೆಯಬೇಕು? ನಮ್ಮ ಆ 312ರಲ್ಲಿ ಅಂಥವು ಐದಿದ್ದವು.

ಇತ್ತೀಚೆಗೆ ಸಾಫ್ಟ್‌ವೇರ್ ಮಾರುವವನೊಬ್ಬ ಬಂದಿದ್ದ. ಹಳೇ ಪಕ್ಷಗಾರರಿಗೆಲ್ಲ ಯುಗಾದಿ ಶುಭಾಶಯ ತಾನೇ ಕಳಿಸುತ್ತದಂತೆ, ಜೊತೆಗೆ ನಮ್ಮಲ್ಲಿ ಯಾವ ಯಾವ ಕೇಸು ನಡೆಸುತ್ತೇವೆ ಅನ್ನುವ ಪಟ್ಟಿಯಂತೆ. ವಕೀಲರು ಜಾಹೀರಾತು ಮಾಡಿಕೊಳ್ಳುವ ಹಾಗಿಲ್ಲ, ವಕೀಲರ ನಡವಳಿಕೆಗೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 36ನೇ ನಿಯಮ ಓದಿದ್ದೀಯಾ ಅಂತ ಸಾಹೇಬರು ಕೇಳಿದರು. ಚಹಾ ಕುಡಿಸಿ ಕಳಿಸಿದೆವು.

ಹಾವೇರಿಯ ಓದುಗರು ಕಂಪ್ಯೂಟರ್ ಬಿಟ್ಟು ಹಿಂದಕ್ಕೆ ಹೋಗಿ ಅನ್ನುತ್ತಾರೆ. ಆಗುವುದಿಲ್ಲ ಸ್ವಾಮಿ. ಆಗಿನ ಹತ್ತರಷ್ಟು ಕೇಸುಗಳು ಈಗ ನಮ್ಮ ಕಪಾಟಿನಲ್ಲಿವೆ, ಕಾರಕೂನ ಮಾತ್ರ ನಾನೊಬ್ಬಳೇ. ನಾನು ಕೇಳುವುದು ಬೇರೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ವಕೀಲರ ಸಂಘಗಳು ಒಂದು ಭಾನುವಾರ ನಮ್ಮಂಥ ಕಾರಕೂನರನ್ನು ಕೂರಿಸಿ ಇದನ್ನು ಕಲಿಸಲಿ. ನಮ್ಮಲ್ಲಿ ಜಾಸ್ತಿ ಜನ ಇದನ್ನು ಯಾರಿಂದಲೂ ಕಲಿತವರಲ್ಲ, ಒತ್ತಿ ಒತ್ತಿ ಕಲಿತವರು. ಮತ್ತೆ ವಕೀಲ ಸಾಹೇಬರುಗಳು ಆ ಸ್ಕ್ಯಾನ್ ಮಾಡಿದ ಸಹಿಯನ್ನು ಕಂಪ್ಯೂಟರಿನಿಂದ ತೆಗೆಸಲಿ. ನಮ್ಮ ಸಾಹೇಬರು ತೆಗೆಸಿದ್ದಾರೆ. ಈಗ ದಿನಕ್ಕೆ 40 ಪತ್ರ ಅವರ ಟೇಬಲ್ಲಿಗೆ ಹೋಗುತ್ತವೆ, ಪೆನ್ನಿನಿಂದ ಸಹಿ. ಮಣಿಕಟ್ಟು ನೋಯುತ್ತದೆ ಅಂತ ಗೊಣಗುತ್ತಾರೆ. ಆದರೆ ಹೋದ ಸಲ ಎರಡು ಪತ್ರ ಪಕ್ಕಕ್ಕಿಟ್ಟು, ಈತ ಊರು ಬಿಟ್ಟು ಗೋವಾಕ್ಕೆ ಹೋಗಿದ್ದಾನೆ, ಈಕೆ ಕೇಸು ವಾಪಸ್ ತಗೊಂಡಿದ್ದಾಳೆ ಅಂತ ಅವರೇ ಹೇಳಿದರು. ನನ್ನ ಪಟ್ಟಿಯಲ್ಲಿ ಎರಡೂ ಇರಲಿಲ್ಲ.

ಹಾವೇರಿಯವರಲ್ಲಿ ಒಂದು ವಿನಂತಿ. ಆ ಪತ್ರ ಇನ್ನೂ ನಿಮ್ಮ ಹತ್ತಿರ ಇದ್ದರೆ ಹರಿದು ಹಾಕಬೇಡಿ, ಫೋಟೊ ತೆಗೆದು ಯಾರಿಗೂ ಕಳಿಸಬೇಡಿ. ಕವರ್ ಸಮೇತ ಆ ಕಚೇರಿಗೆ ಒಯ್ದು, ವಕೀಲರಿಗಲ್ಲ, ಪಟ್ಟಿ ನೋಡಿಕೊಳ್ಳುವವರ ಕೈಗೆ ಕೊಡಿ. ನಿಮ್ಮ ಹೆಸರಿನ ಮೇಲಿನ ಸಾಲು, ಕೆಳಗಿನ ಸಾಲು ನೋಡಲು ಹೇಳಿ. ನಿಮ್ಮ ಪತ್ರ ಎಲ್ಲೋ ಅಲ್ಲೇ ಹತ್ತಿರದ ಸಾಲಿನವರ ಮನೆಗೆ ಹೋಗಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ವಕೀಲರ ಕಚೇರಿಯ ಒಬ್ಬ ಕಾರಕೂನ, ಹುಬ್ಬಳ್ಳಿ
(ಪಕ್ಷಗಾರರ ಮಾತು ಬಂದಿರುವುದರಿಂದ ನನ್ನ ಹೆಸರು ಹಾಕಬಾರದಾಗಿ ವಿನಂತಿ)