ಮಗಳಿಗೊಂದು ಪತ್ರ: ಹೋಗು, ನಿನ್ನದನ್ನೇ ಕೊಟ್ಟು ಹೋಗು

ಪುಣೆ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

"ಅವ್ವ, ಮುಂಬಯಿ ಬಿಟ್ಟು ನಂದುರ್ಬಾರಿನ ಆಸ್ಪತ್ರೆಗೆ ನರ್ಸ್ ಆಗಿ ಹೋಗಲಾ?" ಅಂತ ನೀನು ಫೋನಿನಲ್ಲಿ ಕೇಳಿದಾಗ, ಪ್ರಾರ್ಥನೆ ಮಾಡಿ ಹೇಳುತ್ತೇನೆ ಅಂದಿದ್ದೆ. ಮಾಡಿದೆ. ಹೋಗು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದನ್ನು ಓದಿ, ಅವ್ವನಿಗೆ ಇಷ್ಟವಿಲ್ಲ ಅಂತ ನೀನು ತಿಳಿದುಕೊಳ್ಳಬಹುದು.

ಒಂದು ಪ್ರಾರ್ಥನಾ ಕೂಟದಲ್ಲಿ ಹಾಡು ಕೇಳಿ ಕಣ್ಣೀರು ಬಂದು, ಸೇವೆಗೆ ಹೋಗುತ್ತೇನೆ ಅಂತ ಕೈ ಎತ್ತಿದವಳು ನೀನಲ್ಲ. ಅದು ನನಗೆ ಗೊತ್ತು. ನರ್ಸಿಂಗ್ ಓದುವಾಗ ಮಹಾರಾಷ್ಟ್ರದ ಗಡಿಯ ಆ ಆದಿವಾಸಿ ಜಿಲ್ಲೆಯಲ್ಲಿ ಸ್ವಲ್ಪ ದಿನ ಇದ್ದು ಬಂದೆಯಲ್ಲ, ಆಗ ಹೇಳಿದ್ದೆಲ್ಲ ನೆನಪಿದೆ. ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಯ ಮಕ್ಕಳು ಮೈಕೈ ನೋವಿನಿಂದ ರಾತ್ರಿಯಿಡೀ ಅಳುತ್ತವೆ ಅಂದಿದ್ದೆ. ದೀಪಾವಳಿ ಮುಗಿದದ್ದೇ ಭಿಲ್ ಜನರ ಮನೆಗಳಿಗೆ ಬೀಗ ಬೀಳುತ್ತದೆ, ಗಂಡ ಹೆಂಡತಿ ಮಕ್ಕಳು ಎಲ್ಲ ಕಬ್ಬು ಕಡಿಯಲು ಗುಜರಾತಿಗೆ ಹೊರಡುತ್ತಾರೆ ಅಂದಿದ್ದೆ. ಟಿಬಿ ಮಾತ್ರೆಯನ್ನು ಆರು ತಿಂಗಳು ಬಿಡದೆ ನುಂಗಬೇಕು. ಗದ್ದೆಯಿಂದ ಗದ್ದೆಗೆ ಅಲೆಯುವಾಗ ಎರಡನೆಯ ತಿಂಗಳಿಗೇ ಅದು ನಿಂತುಹೋಗುತ್ತದೆ. ತಿರುಗಿ ಊರಿಗೆ ಬರುವಷ್ಟರಲ್ಲಿ ಕೆಲವರಿಗೆ ಅದೇ ಮಾತ್ರೆ ಕೆಲಸ ಮಾಡುವುದಿಲ್ಲ. "ಅವರ ಹಿಂದೆ ಹೋಗಿ ಮಾತ್ರೆ ತಗೊಂಡ್ರಾ ಅಂತ ಕೇಳೋರು ಬೇಕು ಅವ್ವ" ಅಂದೆ. ಅವತ್ತಿನಿಂದ ನಿನಗೆ ಅದೇ ಧ್ಯಾನ. ದೇವರು ಕರೆಯುವುದು ಹೀಗೆಯೇ ಅಂತ ನಾನು ನಂಬಿದ್ದೇನೆ. ಒಂದು ಕಷ್ಟವನ್ನು ಕಣ್ಣಿಗೆ ತೋರಿಸುತ್ತಾನೆ, ಆಮೇಲೆ ಅದನ್ನು ಮರೆಯಲು ಬಿಡುವುದಿಲ್ಲ.

ಮಿಷನ್ ಭಾನುವಾರ ಬಂದರೆ ನಮ್ಮ ಸಭೆಗಳಲ್ಲಿ ಬೈಬಲಿನ ಯೆಶಾಯ ಪ್ರವಾದಿಯ ಪುಸ್ತಕದ 6ನೆಯ ಅಧ್ಯಾಯ ಓದುತ್ತಾರೆ. "ನಾನಿದ್ದೇನೆ, ನನ್ನನ್ನು ಕಳುಹಿಸು" ಅನ್ನುವ 8ನೆಯ ವಚನಕ್ಕೆ ಬಂದು ನಿಲ್ಲಿಸುತ್ತಾರೆ. ಆಮೇಲೆ ಪ್ರಸಂಗ, ಕಾಣಿಕೆ. ನೀನು ನಿಲ್ಲಿಸಬೇಡ, ಮುಂದೆ ಓದು. ಹೋಗುತ್ತೇನೆ ಅಂದವನಿಗೆ ಕರ್ತನು ಶಹಬ್ಬಾಸ್ ಅನ್ನುವುದಿಲ್ಲ. ಈ ಜನ ಕೇಳುತ್ತಾರೆ, ಆದರೆ ತಿಳಿದುಕೊಳ್ಳುವುದಿಲ್ಲ ಅನ್ನುತ್ತಾನೆ. 11ನೆಯ ವಚನದಲ್ಲಿ ಪ್ರವಾದಿ "ಕರ್ತನೇ, ಇದು ಎಷ್ಟು ಕಾಲ?" ಅಂತ ಕೇಳುತ್ತಾನೆ. ಬರುವ ಉತ್ತರದಲ್ಲಿ ಸಮಾಧಾನ ಬಹಳ ಕಡಿಮೆ. ಕೆಲಸ ಮಾಡಿಯೂ ಫಲ ಕಾಣದ ಒಂದು ಮಧ್ಯಾಹ್ನ ನಿನಗೂ ಬರುತ್ತದೆ. ಆಗ ನನ್ನ ಕರೆಯೇ ಸುಳ್ಳು ಅಂತ ತೀರ್ಮಾನ ಮಾಡಬೇಡ. ಕಷ್ಟ ಇರುತ್ತದೆ ಅಂತ ಕರೆಯುವಾಗಲೇ ಹೇಳಿದ್ದಾನೆ.

ಇಲ್ಲಿಂದ ಗುಲ್ಬರ್ಗಾಕ್ಕೆ ಹೋಗುವ ರೈಲಿನಲ್ಲಿ ದೌಂಡ್ ಬರುವ ಮೊದಲು ಕೇಡಗಾವ್ ಸ್ಟೇಷನ್ ಸಿಗುತ್ತದಲ್ಲ, ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನ್ ಇರುವ ಊರು. ಅವರು ಹುಟ್ಟಿದ್ದು ನಮ್ಮ ಕಡೆಯೇ, 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ತಂದೆ ತಾಯಿ ಹೋದರು. ಅಣ್ಣನ ಜೊತೆ ಊರೂರು ನಡೆದರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ, ಗಂಡ ತೀರಿಕೊಂಡರು. ಕೈಯಲ್ಲಿ ಎಳೆಯ ಮಗಳು, ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. 1896-97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ತಾವೇ ಹೋಗಿ, ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾವಿನಲ್ಲಿ ಉಳಿಸಿಕೊಂಡರು. ಹಸಿವು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದೆಲ್ಲ ನಿನಗೂ ಗೊತ್ತು. ನನಗೆ ದೊಡ್ಡದಾಗಿ ಕಾಣುವುದು ಅವರ ಕೊನೆಯ ವರ್ಷಗಳು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಸಂಸ್ಕೃತದಲ್ಲಿ ಪಂಡಿತರನ್ನೇ ಬೆರಗುಗೊಳಿಸಿದ ಆ ತಾಯಿ, ಹಳ್ಳಿಯ ಹೆಂಗಸರಿಗೆ ತಿಳಿಯುವಂಥ ಸಾದಾ ಮಾತು ಹುಡುಕುತ್ತಾ ಕೂತರು. 1921ರಲ್ಲಿ ಮನೋರಮಾ ತೀರಿಕೊಂಡರು. ಗುಲ್ಬರ್ಗಾದಲ್ಲಿ ಶಾಲೆ ನಡೆಸಿದ್ದ, ತಾಯಿಯ ಕೆಲಸ ಮುಂದುವರಿಸಬೇಕಾಗಿದ್ದ ಮಗಳು. ಆಗಲೂ ರಮಾಬಾಯಿ ಅನುವಾದ ಬಿಡಲಿಲ್ಲ. 1922ರ ಏಪ್ರಿಲಿನಲ್ಲಿ ಅವರೂ ಹೋದರು. ಭಕ್ತಿ ಅಂದರೆ ಏನು ಅಂತ ಯಾರಾದರೂ ನನ್ನನ್ನು ಕೇಳಿದರೆ ಆ ಒಂದು ವರ್ಷವನ್ನು ತೋರಿಸುತ್ತೇನೆ.

ಅದಕ್ಕೇ ಹೇಳುತ್ತಿದ್ದೇನೆ, ಅಲ್ಲಿಗೆ ಹೋದ ಮೇಲೆ ಮೊದಲು ಭಾಷೆ ಕಲಿ. ನಿನ್ನ ಪುಣೆಯ ಮರಾಠಿ ಅಲ್ಲಿ ಸರ್ಕಾರಿ ಆಫೀಸಿನ ಮಾತಿನ ಹಾಗೆ ಕೇಳಿಸುತ್ತದೆ. ಮನೆಯೊಳಗೆ ಅವರು ಆಡುವುದು ಮಾವಚಿ, ಪಾವರಿ, ಭಿಲ್ಲರ ಬೇರೆ ಬೇರೆ ಮಾತುಗಳು. ಎಲ್ಲಿ ನೋವು, ಯಾವಾಗಿಂದ, ಊಟ ಆಯ್ತಾ, ಇಷ್ಟನ್ನು ಅವರ ಮಾತಿನಲ್ಲೇ ಕೇಳಲು ಬಂದ ದಿನ ನೀನು ಅಲ್ಲಿಯವಳಾಗಲು ಶುರುಮಾಡುತ್ತೀ. ಅಲ್ಲಿಯವರೆಗೆ ಯೇಸುವಿನ ಬಗ್ಗೆ ಸಾಕ್ಷಿ ಹೇಳುವ ಅವಸರ ಬೇಡ. ಆಯಾಗಳ ಹತ್ತಿರ ಕೂತು ಕಲಿ. ಅವರು ತಿದ್ದಿದರೆ ಬೇಜಾರು ಮಾಡಿಕೊಳ್ಳಬೇಡ.

ಇನ್ನೊಂದು ವಿಷಯ ಇದಕ್ಕೇ ಸೇರಿದ್ದು. 1910ರಲ್ಲಿ ಎಡಿನ್‌ಬರೋದಲ್ಲಿ ದೊಡ್ಡ ಮಿಷನರಿ ಸಮ್ಮೇಳನ ನಡೆಯಿತು. ಅಲ್ಲಿ ತಮಿಳುನಾಡಿನ ವಿ. ಎಸ್. ಅಜರಯ್ಯ ಎದ್ದು ನಿಂತು ಬಿಳಿಯರ ಮುಖಕ್ಕೇ ಹೇಳಿದರು: ನೀವು ನಿಮ್ಮದನ್ನೆಲ್ಲ ಬಡವರಿಗೆ ಕೊಟ್ಟಿದ್ದೀರಿ, ದೇಹವನ್ನೂ ಒಪ್ಪಿಸಿದ್ದೀರಿ, ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ. ಆ ಮಾತು ಬಿಳಿಯರಿಗೆ ಮಾತ್ರ ಅಂತ ನಾವು ಸುಮ್ನೆ ಚಪ್ಪಾಳೆ ತಟ್ಟುತ್ತೇವೆ. ನಂದುರ್ಬಾರಿನ ಹಾಡಿಯಲ್ಲಿ ಓದಿದವಳು, ಸಂಬಳದವಳು, ದೊಡ್ಡ ಊರಿನವಳು ನೀನೇ ಅಲ್ವಾ? ಅವರ ಮನೆಯ ರೊಟ್ಟಿ ತಿನ್ನು, ನೆಲದ ಮೇಲೆ ಕೂತು ತಿನ್ನು. ನಿನಗೆ ಜ್ವರ ಬಂದಾಗ ಅವರು ನೋಡಿಕೊಳ್ಳಲು ಬಂದರೆ ಬೇಡ ಅನ್ನಬೇಡ. ಬರೀ ಕೊಡುವವಳಾಗಿಯೇ ಇದ್ದರೆ ಸ್ನೇಹ ಬೆಳೆಯುವುದಿಲ್ಲ.

ಹಾಸಿಗೆ ಹಿಡಿದವರ ಮುಂದೆ ನಾಲಗೆ ಬಿಗಿ ಹಿಡಿದಿರು. ನೋವಿನಲ್ಲಿ ಇರುವವರಿಗೆ, ಸೂಜಿ ಚುಚ್ಚುವ ದಾದಿಗೆ ಇಲ್ಲ ಅನ್ನುವ ಧೈರ್ಯ ಇರುವುದಿಲ್ಲ. ಔಷಧಿಯ ಜೊತೆ ಯೇಸುವನ್ನು ಕಟ್ಟಿಕೊಟ್ಟರೆ ಅದು ಕರ್ತನಿಗೂ ಗೌರವವಲ್ಲ, ಅವರಿಗೂ ನ್ಯಾಯವಲ್ಲ. ನಿನ್ನ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರು, ಆದರೆ ಮೃದುವಾಗಿ ಕೊಡು ಅನ್ನುತ್ತಾನೆ ಯೇಸುವಿನ ಶಿಷ್ಯ ಪೇತ್ರ. ಕೇಳುತ್ತಾರೆ ಮಗಳೇ. ಹೆರಿಗೆ ವಾರ್ಡಿನಲ್ಲಿ ರಾತ್ರಿಯೆಲ್ಲ ಒಬ್ಬಳ ಕೈ ಹಿಡಿದು ಕೂತವಳನ್ನು, ನೀನ್ಯಾಕೆ ಇಷ್ಟು ಮಾಡ್ತೀಯಾ ಅಂತ ಕೇಳದೆ ಇರುವುದಿಲ್ಲ. ಆಗ ಯೇಸುವಿನ ಹೆಸರು ಹೇಳಲು ನಾಚಬೇಡ, ಹೆದರಬೇಡ.

ಈಗ ದುಡ್ಡಿನ ಮಾತು. ನಿನ್ನ ಓದಿನ ಸಾಲ ಇನ್ನೂ ಇದೆ. ಅಲ್ಲಿಯ ಸಂಬಳದಲ್ಲಿ ಕಂತು ಕಟ್ಟಲು ಆಗುವುದಿಲ್ಲ. ಅಪ್ಪ ನಿನ್ನೆಯೇ "ನನ್ನ ಪೆನ್ಷನ್‌ನಲ್ಲಿ ಕಟ್ಟುತ್ತೇನೆ, ಹೋಗಲಿ ಬಿಡು" ಅಂದರು. ಪ್ರೀತಿಯಿಂದಲೇ ಅಂದರು. ನಾನು ಒಪ್ಪಲಿಲ್ಲ. ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ ಕಥೆಯನ್ನು ನೀನು ಸಂಡೇ ಸ್ಕೂಲಿನಲ್ಲೇ ಕೇಳಿದ್ದೀ. ಅವರ ಹೆಂಡತಿ ಡೊರೊಥಿಯ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಆಕೆಗೆ ಬರಲು ಮನಸ್ಸಿರಲಿಲ್ಲ. ಒತ್ತಾಯಕ್ಕೆ ಕೊನೆಯ ಗಳಿಗೆಯಲ್ಲಿ ಹೊರಟಳು. ಮರುವರ್ಷ ಮಗ ಪೀಟರ್ ಸತ್ತ. ಆಕೆಯ ಮನಸ್ಸು ಕೆಟ್ಟಿತು, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಕೇರಿಯವರ ಕೆಲಸ ದೊಡ್ಡದು, ಅದಕ್ಕೆ ನಾನು ದೇವರನ್ನು ಸ್ತುತಿಸುತ್ತೇನೆ. ಆದರೆ ಡೊರೊಥಿ ತೆತ್ತದ್ದನ್ನು ಯಾರಾದರೂ ತ್ಯಾಗ ಅಂತ ಕರೆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಒಬ್ಬರ ಕರೆಯ ಬೆಲೆಯನ್ನು ಇನ್ನೊಬ್ಬರು ಕಟ್ಟಬಾರದು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಅಂತ ಯೇಸುವೇ ಹೇಳಿದ್ದಾನೆ.

ಆದ್ದರಿಂದ ಮುಂದಿನ ಮಳೆಗಾಲದವರೆಗೆ ಮುಂಬಯಿಯಲ್ಲೇ ಇರು. ಸಾಲ ತೀರಿಸು. ರಾತ್ರಿ ಪಾಳಿ ಜಾಸ್ತಿ ಕೇಳಿ ತೆಗೆದುಕೊಳ್ಳಬೇಡ, ಆರೋಗ್ಯ ಕೆಡಿಸಿಕೊಂಡರೆ ಎಲ್ಲಿಗೂ ಹೋಗಲಾರೆ. ಹೆರಿಗೆ ವಾರ್ಡಿಗೆ ಹಾಕಿ ಅಂತ ಕೇಳು, ನಂದುರ್ಬಾರಿನಲ್ಲಿ ಬೇಕಾಗುವುದು ಅದೇ. ತಡ ಮಾಡಿದರೆ ಅವಿಧೇಯತೆ ಆಗುತ್ತದೋ ಅಂತ ಹೆದರಬೇಡ. ಮಿಷನರಿಯ ಮಗಳು ಐಡಾ ಸ್ಕಡರ್ ತಮಿಳುನಾಡಿನ ತಿಂಡಿವನದಲ್ಲಿದ್ದಾಗ ಒಂದೇ ರಾತ್ರಿ ಮೂರು ಮನೆಯವರು ಹೆರಿಗೆಗೆ ಕರೆಯಲು ಬಂದರು. ಗಂಡಸು ಡಾಕ್ಟರ್ ಬೇಡ ಅಂದರು, ಐಡಾಗೆ ವೈದ್ಯ ಗೊತ್ತಿರಲಿಲ್ಲ, ಆ ಮೂವರು ಹೆಂಗಸರೂ ಸತ್ತರು. ಕರೆ ಬಂದದ್ದು ಆ ರಾತ್ರಿಯೇ. ಆದರೆ ಆಕೆ ಅಮೆರಿಕಕ್ಕೆ ಹೋಗಿ ವೈದ್ಯ ಓದಿ ಮುಗಿಸಿಯೇ, 1900ರಲ್ಲಿ, ತಿರುಗಿ ಬಂದರು. ಇವತ್ತಿನ ವೆಲ್ಲೂರು ಆಸ್ಪತ್ರೆ ಬೆಳೆದದ್ದು ಹಾಗೆ.

ಮದುವೆಯ ವಿಷಯ ನಿನ್ನ ಅತ್ತೆಯಂದಿರು ಕೇಳುತ್ತಲೇ ಇರುತ್ತಾರೆ. ಅವರಿಗೆ ಉತ್ತರ ನಾನು ಕೊಡುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನನ್ನ ಬಗ್ಗೆ ಕೇಳಿದೆಯಲ್ಲ, ನಿನಗೆ ಬೇಸರ ಆಗಲ್ವಾ ಅಂತ. ಆಗುತ್ತದೆ. ಬೈಬಲಿನಲ್ಲಿ ಹನ್ನಳು ತನ್ನ ಮಗ ಸಮುವೇಲನನ್ನು ದೇವರ ಸೇವೆಗೆ ದೇವಾಲಯದಲ್ಲಿ ಬಿಟ್ಟಳು. ಆದರೂ ಪ್ರತಿ ವರ್ಷ ಅವನಿಗೊಂದು ಚಿಕ್ಕ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು ಅಂತ ಬರೆದಿದೆ. ಹೋದ ವರ್ಷಕ್ಕಿಂತ ಮಗ ಎಷ್ಟು ಬೆಳೆದಿರಬಹುದು ಅಂತ ಅಂದಾಜು ಮಾಡುತ್ತಾ ಹೊಲಿದಿರುತ್ತಾಳೆ. ದೇವರಿಗೆ ಕೊಟ್ಟ ಮೇಲೂ ಆಕೆ ತಾಯಿಯಾಗಿಯೇ ಉಳಿದಳು. ನಾನೂ ಹಾಗೇ ಬರುತ್ತೇನೆ, ಚಟ್ನಿಪುಡಿ, ಜೋಳದ ಹಿಟ್ಟು, ಸ್ವೆಟರ್ ಕಟ್ಟಿಕೊಂಡು. ಬರಬೇಡ ಅನ್ನಬೇಡ.

ಅದಕ್ಕೂ ಮೊದಲು ಒಮ್ಮೆ ಮೂವರೂ ಹೋಗಿ ಆಸ್ಪತ್ರೆ ನೋಡಿ ಬರೋಣ. ನೀನು ಉಳಿಯುವ ಕೋಣೆ, ನೀರು, ರಾತ್ರಿ ಓಡಾಡಲು ವಾಹನ ಇದೆಯೋ, ಎಲ್ಲ ನಾನೇ ಕೇಳಬೇಕು. ಮುಂಬಯಿಯಿಂದ ಸೂರತ್‌ಗೆ ಹೋಗಿ ಭುಸಾವಳ್ ರೈಲು ಹಿಡಿಯಬಹುದಂತೆ. ದಾರಿಯಲ್ಲಿ ನವಾಪುರ ಸ್ಟೇಷನ್ ಅರ್ಧ ಗುಜರಾತಿನಲ್ಲಿ, ಅರ್ಧ ಮಹಾರಾಷ್ಟ್ರದಲ್ಲಿ ಇದೆ ಅಂತ ಅಪ್ಪ ಖುಷಿಯಿಂದ ಹೇಳುತ್ತಿದ್ದಾರೆ. ನಿನಗೆ ರಜೆ ಯಾವಾಗ ಸಿಗುತ್ತದೆ ತಿಳಿಸು, ಟಿಕೆಟ್ ಅವರು ತೆಗೆಸುತ್ತಾರೆ.

ನಿನ್ನ ಅವ್ವ